ಸಮುದ್ರದ ಹಳ್ಳಿಗೆ ನದಿಯ ಹಡಗು

ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಡುವ ಕೆಲವು ನದಿ ಕ್ರೂಸ್‌ಗಳು ವೊಲೆಂಡಾಮ್ ಅನ್ನೋ ಪುಟ್ಟ ಬಂದರಿನಲ್ಲಿ ನಿಲ್ಲುತ್ತವೆ. ಪ್ರವಾಸಿಗರು ಇಳಿದು ಮರದ ಮನೆಗಳನ್ನು ನೋಡ್ತಾರೆ, ಹೊಗೆಯಲ್ಲಿ ಹದ ಮಾಡಿದ ಹಾವುಮೀನು ತಿಂತಾರೆ, ಊರಿನ ಹಳೇ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ತಾರೆ. ಆದರೆ ನೂರು ವರ್ಷ ಹಿಂದಿನ ನಕ್ಷೆಯಲ್ಲಿ ಈ ಊರು ಇರೋದು ನದಿಯ ದಡದಲ್ಲಲ್ಲ, ಜೌಡರ್‌ಜೇ ಎಂಬ ಉಪ್ಪುನೀರಿನ ಕೊಲ್ಲಿಯ ದಡದಲ್ಲಿ. ಹಾಗಾದರೆ ನದಿಯ ಹಡಗು ಅಲ್ಲಿಗೆ ಬಂದದ್ದು ಹೇಗೆ?

ಮೊದಲು ಹಡಗನ್ನು ನೋಡೋಣ

ದೊಡ್ಡ ನದಿ ಕ್ರೂಸ್ ಹಡಗಿನ ಉದ್ದ ಸುಮಾರು 135 ಮೀಟರ್, ಅಗಲ ಮಾತ್ರ 11.4 ಮೀಟರ್. ಯಾಕೆ ಇಷ್ಟು ಕಿರಿದು ಅಂದರೆ, ರೈನ್-ಮೈನ್-ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳ ಅಗಲವೇ 12 ಮೀಟರ್. ಹಡಗಿನ ತಳ ಚಪ್ಪಟೆ, ಸೇತುವೆಗಳ ಕೆಳಗೆ ಹೋಗಬೇಕಾದ್ದರಿಂದ ಎತ್ತರವೂ ಕಡಿಮೆ. ಇಂಥ ಹಡಗು ತೆರೆದ ಸಮುದ್ರದ ಅಲೆಗಳಿಗೆ ಮಾಡಿದ್ದಲ್ಲ. ಅಂದರೆ ಬದಲಾದದ್ದು ಹಡಗಲ್ಲ, ನೀರು.

ಸಮುದ್ರಕ್ಕೆ ಬಾಗಿಲು

1916ರ ಜನವರಿಯಲ್ಲಿ ಚಂಡಮಾರುತಕ್ಕೆ ಕೊಲ್ಲಿಯ ಸುತ್ತಲಿನ ಒಡ್ಡುಗಳು ಒಡೆದು ಊರುಗಳು ಮುಳುಗಿದವು. ಎಂಜಿನಿಯರ್ ಕಾರ್ನೆಲಿಸ್ ಲೆಲಿ ಬಹಳ ಮೊದಲೇ ಕೊಟ್ಟಿದ್ದ ಯೋಜನೆಗೆ 1918ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಸುಮಾರು 32 ಕಿ.ಮೀ. ಉದ್ದದ ಒಡ್ಡು ಕಟ್ಟಿ, 1932ರ ಮೇ 28ರಂದು ಕೊನೆಯ ಕಂಡಿ ಮುಚ್ಚಿದರು. ಇದೇ ಆಫ್‌ಸ್ಲೌಟ್‌ಡೈಕ್. ಒಳಗೆ ಹರಿದು ಬರುವ ನದಿನೀರನ್ನು ಹೊರಗಿನ ಸಮುದ್ರ ಇಳಿದಾಗ ತೂಬುಗಳ ಮೂಲಕ ಬಿಡುವುದು ವ್ಯವಸ್ಥೆ. ರೈನ್‌ನ ಕವಲಾದ ಐಸೆಲ್ ನದಿಯ ನೀರು ತುಂಬಿ, ಕೆಲವೇ ವರ್ಷಗಳಲ್ಲಿ ಕೊಲ್ಲಿ ಸಿಹಿನೀರಿನ ಸರೋವರವಾಯಿತು. 1970ರ ದಶಕದಲ್ಲಿ ಇನ್ನೊಂದು ಒಡ್ಡು ಇದನ್ನು ಎರಡು ಭಾಗ ಮಾಡಿತು. ವೊಲೆಂಡಾಮ್ ಇರುವ ಭಾಗಕ್ಕೆ ಮಾರ್ಕರ್‌ಮೇರ್ ಎಂದು ಹೆಸರು.

ಲೊರೆಂಟ್ಜ್ ಇಲ್ಲೂ ಇದ್ದಾರೆ!

ಬಾಯಿ ಮುಚ್ಚಿದರೆ ಒಡ್ಡಿನ ಹೊರಗೆ ಉಬ್ಬರದ ನೀರು ಎಷ್ಟು ಏರಬಹುದು? ಈ ಲೆಕ್ಕಕ್ಕೆ ನೇಮಿಸಿದ ಸಮಿತಿಯ ಅಧ್ಯಕ್ಷರು ಹೆಂಡ್ರಿಕ್ ಲೊರೆಂಟ್ಜ್. ಹೌದು, ಫಿಸಿಕ್ಸ್‌ನಲ್ಲಿ ನಾವು ಓದಿದ ಲೊರೆಂಟ್ಜ್ ಬಲದವರೇ. ನೀರಿನ ಘರ್ಷಣೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆ ಪದ ಇದ್ದರೆ ಸಮೀಕರಣವನ್ನು ಕೈಯಲ್ಲಿ ಬಿಡಿಸೋದು ಬಲು ಕಷ್ಟ. ಒಂದು ಉಬ್ಬರವಿಳಿತದ ಚಕ್ರದಲ್ಲಿ ಅಷ್ಟೇ ಶಕ್ತಿ ನಷ್ಟವಾಗುವಂಥ ಸರಳ ರೇಖೀಯ ಪದವನ್ನು ಅವರು ಅದರ ಜಾಗಕ್ಕೆ ಹಾಕಿದರು. ಕಂಪ್ಯೂಟರ್ ಇಲ್ಲದ ಕಾಲ; ಸಮಿತಿಯ ವರದಿ ಬರಲು 1926 ಆಯಿತು.

ಲೆಕ್ಕದ ಇನ್ನೊಂದು ಬದಿ

ಪ್ರವಾಹದ ಭಯ ಕಡಿಮೆಯಾಯಿತು, ಸಿಹಿನೀರು ಸಿಕ್ಕಿತು, ಮುಂದೆ ಫ್ಲೇವೊಲ್ಯಾಂಡ್ ಎಂಬ ಹೊಸ ಪ್ರಾಂತ್ಯಕ್ಕೇ ನೆಲ ಸಿಕ್ಕಿತು. ಆದರೆ ಮೊಟ್ಟೆಯಿಡಲು ಕೊಲ್ಲಿಗೆ ಬರುತ್ತಿದ್ದ ಹೆರಿಂಗ್, ಆಂಚೊವಿ ಮೀನುಗಳ ದಾರಿ ಮುಚ್ಚಿತು. ವೊಲೆಂಡಾಮ್‌ನಂಥ ಊರುಗಳು ಬದುಕಿದ್ದೇ ಆ ಮೀನಿನಿಂದ. ಇದು ಯಾರಿಗೂ ಗೊತ್ತಿರಲಿಲ್ಲ ಅಂತೇನಿಲ್ಲ. ಬೆಸ್ತರ ನೆರವಿಗೆ 1925ರಲ್ಲೇ, ಅಂದರೆ ಒಡ್ಡು ಮುಗಿಯುವ ಏಳು ವರ್ಷ ಮೊದಲೇ, ಒಂದು ಕಾನೂನು ಬಂದಿತ್ತು. ಕೆಲವರು ದೂರದ ಉತ್ತರ ಸಮುದ್ರಕ್ಕೆ ಹೋದರು, ಕೆಲವರು ಹಾವುಮೀನು ಹಿಡಿದರು, ಕೆಲವರು ಕಸುಬನ್ನೇ ಬಿಟ್ಟರು.

ಪ್ರವಾಸೋದ್ಯಮ ಒಡ್ಡಿನಿಂದಲೇ ಹುಟ್ಟಿತು ಅನ್ನೋದು ತಪ್ಪು. ಇಲ್ಲಿನ ಸ್ಪಾಂಡರ್ ಹೋಟೆಲ್ ಶುರುವಾದದ್ದು 1881ರಲ್ಲಿ; ಚಿತ್ರ ಬರೆಯಲು ಕಲಾವಿದರು ಆಗಲೇ ಬರುತ್ತಿದ್ದರು. ಆದರೆ ನದಿಯ ಹಡಗು ಇಂದು ನೆಮ್ಮದಿಯಾಗಿ ಇಲ್ಲಿಗೆ ಬಂದು ನಿಲ್ಲೋದಕ್ಕೆ ಕಾರಣ, ಬೆಸ್ತರ ಸಮುದ್ರವನ್ನು ಸರೋವರ ಮಾಡಿದ ಅದೇ ಒಡ್ಡು.

ಪ್ರಾಜೆಕ್ಟ್ ವರದಿಯಲ್ಲಿ ನಾವು ಲಾಭ, ವೆಚ್ಚ ಅಂತ ಎರಡು ಕಾಲಂ ಬರೀತೀವಿ. ವೊಲೆಂಡಾಮ್ ನೋಡಿದ ಮೇಲೆ ಮೂರನೆಯದೊಂದು ಬೇಕು ಅನ್ನಿಸುತ್ತೆ: ಆ ವೆಚ್ಚ ಯಾರ ಮನೆಯಿಂದ ಹೋಗುತ್ತೆ?