ಪೂಜಾಪೀಠದ ಮೇಲಿನ ಆ ಮೂರು ಅಕ್ಷರಗಳು

ಪೂಜಾಪೀಠದ ಮುಂಭಾಗದಲ್ಲಿ, ಗುರುಗಳ ಪೂಜಾವಸ್ತ್ರದ ಮೇಲೆ, ಕೆಲವೆಡೆ ಪರಮಪ್ರಸಾದದ ರೊಟ್ಟಿಯ ಮೇಲೂ ಐ.ಎಚ್.ಎಸ್. ಎಂಬ ಮೂರು ಅಕ್ಷರಗಳನ್ನು ನೀವು ನೋಡಿರುತ್ತೀರಿ. ಇದೇನೆಂದು ಮನೆಯ ಮಗು ಕೇಳಿದರೆ ಏನು ಹೇಳುವಿರಿ? 'ಐ ಹ್ಯಾವ್ ಸಫರ್ಡ್' ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವವರಿದ್ದಾರೆ. ಭಕ್ತಿಯ ಮಾತೇನೋ ಹೌದು, ಆದರೆ ಉತ್ತರ ಅದಲ್ಲ. 'ಮಾನವರ ರಕ್ಷಕ ಯೇಸು' ಎಂಬ ಲ್ಯಾಟಿನ್ ಪದಗಳ ಮೊದಲಕ್ಷರಗಳೆನ್ನುವುದೂ ಆಮೇಲೆ ಹೊಂದಿಸಿದ ಅರ್ಥವೇ.

ಇವು ಗ್ರೀಕ್ ಅಕ್ಷರಗಳು. ಶುಭಸಂದೇಶಗಳನ್ನು ಬರೆದ ಆ ಭಾಷೆಯಲ್ಲಿ 'ಯೇಸು' ಎಂಬ ಹೆಸರಿನ ಮೊದಲ ಮೂರು ಅಕ್ಷರಗಳು ಯೋಟ, ಈಟ, ಸಿಗ್ಮ. ದೊಡ್ಡಕ್ಷರದ ಈಟ ನೋಡಲು ಇಂಗ್ಲಿಷಿನ ಎಚ್‌ನಂತೆಯೇ ಇದೆ. ಗೊಂದಲವೆಲ್ಲ ಅಲ್ಲಿಂದಲೇ. ಕೈಬರಹದ ಕಾಲದಲ್ಲಿ ಪವಿತ್ರ ನಾಮವನ್ನು ಹೀಗೆ ಚಿಕ್ಕದಾಗಿಸಿ ಬರೆದು, ಮೇಲೊಂದು ಗೆರೆ ಎಳೆಯುತ್ತಿದ್ದರು. ಸಣ್ಣಕ್ಷರದ ಎಚ್‌ನ ಉದ್ದನೆಯ ಕಡ್ಡಿಯನ್ನು ಆ ಗೆರೆ ಹಾದುಹೋದಾಗ ಶಿಲುಬೆಯೊಂದು ಮೂಡಿತು.

ಈ ಗುರುತನ್ನು ಜನರ ಬಳಿಗೆ ಕೊಂಡೊಯ್ದವರು ಫ್ರಾನ್ಸಿಸ್ಕನ್ ಸಭೆಯ ಸಂತ ಸಿಯೆನಾದ ಬರ್ನಾರ್ಡಿನ್ (1380-1444). ಇಟಲಿಯ ಊರುಗಳು ಆಗ ಪಂಗಡಗಳಾಗಿ ಒಡೆದು ಹೊಡೆದಾಡುತ್ತಿದ್ದವು. ಮನೆಮನೆಯ ಬಾಗಿಲಿಗೂ ಪಂಗಡದ ಗುರುತು. ಬರ್ನಾರ್ಡಿನ್ನರು ಪ್ರಬೋಧನೆ ಮುಗಿಸಿ, ಸೂರ್ಯಕಿರಣಗಳ ನಡುವೆ ಯೇಸುನಾಮ ಬರೆದ ಹಲಗೆಯನ್ನು ಎತ್ತಿ ಹಿಡಿಯುತ್ತಿದ್ದರು. ನಿಮ್ಮ ಗುರುತುಗಳನ್ನು ಕಿತ್ತು ಇದನ್ನು ಹಾಕಿ ಎನ್ನುತ್ತಿದ್ದರು. ಹಲಗೆಯನ್ನು ಪೂಜಿಸುವುದು ವಿಗ್ರಹಾರಾಧನೆಯೆಂದು ದೂರು ಹೋಯಿತು. 1427ರಲ್ಲಿ ರೋಮಿನಲ್ಲಿ ಜಗದ್ಗುರು ಐದನೇ ಮಾರ್ಟಿನ್ನರ ಮುಂದೆ ವಿಚಾರಣೆ ನಡೆದು, ಅವರು ನಿರ್ದೋಷಿಯಾಗಿ ಹೊರಬಂದರು.

ಸಂತ ಇಗ್ನೇಷಿಯಸ್ ಲೊಯೋಲರು 1541ರಲ್ಲಿ ಯೇಸುಸಭೆಯ ಪ್ರಥಮ ಮಹಾಶ್ರೇಷ್ಠರಾದಾಗ ಇದೇ ಅಕ್ಷರಗಳನ್ನು ತಮ್ಮ ಮುದ್ರೆಗೆ ತೆಗೆದುಕೊಂಡರು. ಮನೆತನದ ಲಾಂಛನವಿದ್ದ ಸೈನಿಕ ಅವರು, ಅದನ್ನು ಬಳಸಲಿಲ್ಲ. ಇಂದು ನಾವು ಕಾಣುವ ರೂಪದಲ್ಲಿ ಎಚ್‌ನ ಮೇಲೆ ಶಿಲುಬೆ, ಕೆಳಗೆ ಮೂರು ಮೊಳೆಗಳು, ಸುತ್ತ ಸೂರ್ಯನ ಕಿರಣಗಳು. ಯೇಸುಸಭೆಯವರೇ ಆಗಿದ್ದ ಜಗದ್ಗುರು ಫ್ರಾನ್ಸಿಸರು (2013-2025) ತಮ್ಮ ಲಾಂಛನದಲ್ಲಿ ಇದನ್ನು ಇರಿಸಿಕೊಂಡಿದ್ದರು.

ಆದರೆ ಯೇಸುವಿನ ಹೆಸರನ್ನು ಒಂದು ಸಭೆ ತನಗೆ ಇಟ್ಟುಕೊಳ್ಳಬಹುದೇ? ಎಲ್ಲ ಕ್ರೈಸ್ತರೂ ಯೇಸುವಿನವರೇ ಅಲ್ಲವೇ? ಈ ಆಕ್ಷೇಪ ಸುಳ್ಳೆನ್ನಲಾಗದು. ಜಗದ್ಗುರು ಐದನೇ ಸಿಕ್ಸ್ತಸರಿಗೂ ಹಾಗೆಯೇ ಅನಿಸಿ, ಹೆಸರು ಬದಲಿಸಲು ಆಜ್ಞೆಯಿತ್ತರು. ಅದು ಜಾರಿಗೆ ಬರುವ ಮೊದಲೇ, 1590ರಲ್ಲಿ, ಅವರು ತೀರಿಕೊಂಡರು. ಇಗ್ನೇಷಿಯಸರ ಮಟ್ಟಿಗೆ ಆ ಹೆಸರು ಹಕ್ಕಿನದಲ್ಲ, ಒಪ್ಪಿಸಿಕೊಂಡದ್ದು. 1537ರಲ್ಲಿ ರೋಮಿನ ಹತ್ತಿರದ ಲಾ ಸ್ತೋರ್ತದ ಪ್ರಾರ್ಥನಾಲಯದಲ್ಲಿ, ಪಿತದೇವರು ತಮ್ಮನ್ನು ಶಿಲುಬೆ ಹೊತ್ತ ಯೇಸುವಿನ ಜೊತೆಗೆ ಸೇರಿಸಿದರೆಂದು ಅವರಿಗೆ ದರ್ಶನವಾಗಿತ್ತು.

1773ರಲ್ಲಿ ಜಗದ್ಗುರು ಹದಿನಾಲ್ಕನೇ ಕ್ಲೆಮೆಂಟರು ಯೇಸುಸಭೆಯನ್ನೇ ವಿಸರ್ಜಿಸಿದರು. 1814ರಲ್ಲಿ ಅದು ಮರಳಿ ಸ್ಥಾಪನೆಯಾಯಿತು. ನಡುವಿನ ನಾಲ್ಕು ದಶಕ ಹೆಚ್ಚಿನ ದೇಶಗಳಲ್ಲಿ ಮುದ್ರೆಗೆ ಒಡೆಯರಿರಲಿಲ್ಲ. ಪೀಠಗಳ ಮೇಲಿನ ಅಕ್ಷರಗಳನ್ನು ಮಾತ್ರ ಅಳಿಸಬೇಕಾದ ಕಾರಣವಿರಲಿಲ್ಲ. ಅಲ್ಲಿ ಬರೆದಿದ್ದುದು ಯೇಸುವಿನ ಹೆಸರು.