ಕೈಪಿಡಿಯಲ್ಲಿಲ್ಲದ ಹತ್ತು ಸಂಕೇತಗಳು

ಬಂಟ್ವಾಳ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ 8ನೇ ತರಗತಿಗೆ ಘಾತಾಂಕ ಪಾಠ ಮಾಡುವಾಗ ಇಂಟೆಲ್‌ನ 8085 ಮೈಕ್ರೊಪ್ರೊಸೆಸರನ್ನು ಉದಾಹರಣೆಗೆ ತೆಗೆದುಕೊಂಡೆ. ಆದೇಶದ ಸಂಕೇತಕ್ಕೆ 8 ಬಿಟ್. ಒಂದೊಂದೂ 0 ಅಥವಾ 1. ಹಾಗಾಗಿ 2⁸ = 256 ಸಂಕೇತಗಳು ಸಾಧ್ಯ. ಕೈಪಿಡಿ ಕೊಟ್ಟಿರುವುದು 246.

"ಉಳಿದ ಹತ್ತು ಎಲ್ಲಿ ಟೀಚರ್?"

"ಸಿಲೆಬಸ್‌ನಲ್ಲಿಲ್ಲ" ಎನ್ನುವ ಉತ್ತರ ಆ ಪ್ರಶ್ನೆಗೆ ಸಲ್ಲದು. 1976ರ ಈ ಚಿಪ್‌ನಲ್ಲಿ ಆ ಹತ್ತೂ ಕೆಲಸ ಮಾಡುತ್ತವೆ. ಡೆನ್‌ಹಾರ್ಟ್ ಮತ್ತು ಸೋರೆನ್ಸನ್ ಪತ್ತೆಹಚ್ಚಿ 1979ರಲ್ಲಿ 'ಎಲೆಕ್ಟ್ರಾನಿಕ್ಸ್' ಪತ್ರಿಕೆಯಲ್ಲಿ ಬರೆದರು. 16 ಬಿಟ್‌ನ ಎರಡು ಸಂಖ್ಯೆಗಳನ್ನು ಕಳೆಯಲು ಕೈಪಿಡಿಯ ದಾರಿಯಲ್ಲಿ ಆರು ಆದೇಶ ಬೇಕು. 08 ಎಂಬ ಗುಪ್ತ ಸಂಕೇತ ಒಂದೇ ಸಾಕು! ಮುಂದೆ ಬರಲಿದ್ದ 8086ಕ್ಕೆ ತೊಡಕಾದೀತೆಂದು ಇಂಟೆಲ್ ಇವನ್ನು ಪ್ರಕಟಿಸಲಿಲ್ಲ.

ವೀಕ್ಷಕರು "ವಿಷಯಾಂತರ" ಎಂದು ಗುರುತು ಹಾಕಿದರು. ನನಗೆ ಹಾಗನ್ನಿಸದು: 256ರಿಂದ 246 ಕಳೆದವಳು ವಿದ್ಯಾರ್ಥಿನಿಯೇ.