ಕುರಿಗಳ ಜೀನೋಮು ಭಂಡಾರಗಳೂ ಅವಳಿ ಮರಿಯ ಟಗರಿನ ಪರೀಕ್ಷೆಯೂ

ತುಂಗಭದ್ರೆಯ ಕಾಲುವೆಯ ನೀರು ಒದಗಿರುವ ಗಂಗಾವತಿಯ ಕಡೆಯ ಗದ್ದೆಗಳನ್ನು ಬಿಟ್ಟರೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಭೂಮಿಯು ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿರುತ್ತದೆ. ಇಂಥ ಸೀಮೆಯಲ್ಲಿ ಬೆಳೆ ಕೈಬಿಟ್ಟ ವರ್ಷದಲ್ಲಿ ಮನೆತನವನ್ನು ನಡೆಯಿಸುವುದು ಕುರಿಯ ಹಿಂಡು. ಆದುದರಿಂದ ಹಿಂಡಿಗೆ ಬಿಡತಕ್ಕ ಟಗರನ್ನು ಆರಿಸುವುದು ಬಿತ್ತನೆಯ ಬೀಜವನ್ನು ಆರಿಸುವುದಕ್ಕಿಂತ ಸಣ್ಣ ಕೆಲಸವಲ್ಲ. ಅವಳಿ ಮರಿಯ ತಳಿಯೆಂದು ಹೇಳಿ ಹೆಚ್ಚು ಬೆಲೆಗೆ ಮಾರುವ ಟಗರನ್ನು ಕೊಳ್ಳುವ ಮುಂಚೆ ಗ್ರಾಮದ ಮುಖಂಡರೂ ಜಮೀನುದಾರರೂ ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯ.

ಜೀವಿಯ ಶರೀರದ ಕಣಗಳಲ್ಲಿ ತಂದೆತಾಯಿಗಳಿಂದ ಬಂದ ಗುಣಗಳ ಬರಹವೊಂದು ಅಡಕವಾಗಿರುತ್ತದೆ. ನಾಲ್ಕೇ ಅಕ್ಷರಗಳಿಂದಾದ ಈ ಬರಹದ ಸಮಗ್ರಕ್ಕೆ ಜೀನೋಮು ಎಂದೂ, ಅದರಲ್ಲಿ ಒಂದೊಂದು ಕಾರ್ಯವನ್ನು ನಡೆಯಿಸುವ ಭಾಗಕ್ಕೆ ಜೀನು ಎಂದೂ ಹೆಸರು. ಕುರಿಯ ಬರಹದಲ್ಲಿ ಸುಮಾರು 260 ಕೋಟಿ ಅಕ್ಷರಗಳಿದ್ದು, ಅವು 27 ಜೊತೆ ವರ್ಣತಂತುಗಳಲ್ಲಿ ಹಂಚಿಕೊಂಡಿರುತ್ತವೆ. ಆಕಳು ಮತ್ತು ಆಡುಗಳಲ್ಲಿ 30 ಜೊತೆ, ಮನುಷ್ಯನಲ್ಲಿ 23 ಜೊತೆ. ಆಕಳಿನ ಜೀನೋಮು 2009ರಲ್ಲಿಯೂ, ಕುರಿಯದು 2014ರಲ್ಲಿಯೂ ವಿದ್ವಾಂಸರಿಂದ ಪ್ರಕಟವಾದವು.

ಈ ಬರಹಗಳನ್ನು ಯಾರೂ ಬೀಗ ಹಾಕಿ ಇಟ್ಟುಕೊಂಡಿಲ್ಲ. ಇಂಗ್ಲೆಂಡಿನ ಹಿಂಕ್ಸ್‌ಟನ್ ಎಂಬಲ್ಲಿಂದ ನಡೆಯುವ ಎನ್ಸೆಂಬಲ್, ಅಮೆರಿಕ ಸರ್ಕಾರದ ಎನ್.ಸಿ.ಬಿ.ಐ. ಎಂಬ ಭಂಡಾರಗಳಲ್ಲಿ ಅವನ್ನು ಅಂತರಜಾಲದ ಮೂಲಕ ಯಾವ ಶುಲ್ಕವೂ ಇಲ್ಲದೆ ಯಾರಾದರೂ ನೋಡಬಹುದು. ಸಿಡ್ನಿಯಲ್ಲಿ ಆರಂಭವಾದ ಓಮಿಯಾ ಎಂಬ ಇನ್ನೊಂದು ಭಂಡಾರವು ಪ್ರಾಣಿಗಳಲ್ಲಿ ವಂಶಪಾರಂಪರ್ಯವಾಗಿ ಬರುವ ರೋಗಗಳನ್ನೂ ಗುಣಗಳನ್ನೂ ಪಟ್ಟಿಮಾಡಿ ಇಟ್ಟಿರುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿರುವುದು ನಮ್ಮವರಿಗೆ ಒಂದು ಅಡ್ಡಿಯೇ ಸರಿ. ಆದರೆ ತಾಲ್ಲೂಕಿನ ಪಶುವೈದ್ಯರಿಂದಲೋ ಕಾಲೇಜಿಗೆ ಹೋಗುವ ಮನೆಯ ಹುಡುಗರಿಂದಲೋ ಓದಿಸಿಕೊಳ್ಳಲು ಅಡ್ಡಿಯಿಲ್ಲ.

ಒಂದು ಪ್ರಾಣಿಯ ಬರಹವನ್ನು ಮತ್ತೊಂದರ ಪಕ್ಕದಲ್ಲಿಟ್ಟು ಹೋಲಿಸುವುದರಿಂದ ಏನು ಪ್ರಯೋಜನವೆಂಬುದಕ್ಕೆ ಅವಳಿ ಮರಿಯ ಸಂಗತಿಯೇ ಒಳ್ಳೆಯ ನಿದರ್ಶನ. ಆಸ್ಟ್ರೇಲಿಯದ ಬೂರೂಲ ಮೆರಿನೊ ಕುರಿಗಳು ಒಂದೇ ಸೂಲಿಗೆ ಎರಡು ಮೂರು ಮರಿಗಳನ್ನು ಈಯುತ್ತಿದ್ದವು. ಕಾರಣವಾದ ಜೀನನ್ನು ಹುಡುಕಹೊರಟಾಗ ಕುರಿಯ ಬರಹವನ್ನು ಇನ್ನೂ ಯಾರೂ ಪೂರ್ತಿಯಾಗಿ ಓದಿರಲಿಲ್ಲ. ಆ ಜೀನು ಮನುಷ್ಯನ 4ನೆಯ ವರ್ಣತಂತುವಿನ ಒಂದು ಭಾಗಕ್ಕೆ ಸಮನಾದ ಎಡೆಯಲ್ಲಿ ಇದೆಯೆಂದು 1993ರಲ್ಲಿ ಗೊತ್ತಾಯಿತು. ಮನುಷ್ಯನಲ್ಲಿ ಆ ಎಡೆಯಲ್ಲಿರುವ ಜೀನುಗಳ ಜಾಡನ್ನು ಹಿಡಿದು ನಡೆದು, ಬಿ.ಎಂ.ಪಿ.ಆರ್.1ಬಿ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರವು ಬದಲಾಗಿರುವುದೇ ಕಾರಣವೆಂದು 2001ರಲ್ಲಿ ಮೂರು ತಂಡಗಳವರು ಬೇರೆ ಬೇರೆಯಾಗಿ ಕಂಡುಕೊಂಡರು. ವಿಚಿತ್ರವೇನೆಂದರೆ, ಬಂಗಾಳದ ಸುಂದರಬನದ ಗಾರೋಲ್ ಎಂಬ ಚಿಕ್ಕ ಕುರಿಯಲ್ಲಿಯೂ ಇದೇ ಬದಲಾವಣೆ ಇರುವುದು ಆಮೇಲೆ ತಿಳಿದುಬಂದಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಹೋದ ಕುರಿಗಳೇ ಅದನ್ನು ಆಸ್ಟ್ರೇಲಿಯಕ್ಕೆ ಒಯ್ದವೆಂದು ವಿದ್ವಾಂಸರ ಅಭಿಪ್ರಾಯ.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಮಹಾರಾಷ್ಟ್ರದ ಫಲಟಣದ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯವರು ಗಾರೋಲಿನ ಈ ಜೀನನ್ನು ದಖ್ಖನಿ ಕುರಿಗೆ ಕೂಡಿಸಿ, ಪ್ರತಿ ತಲೆಮಾರಿನಲ್ಲಿಯೂ ರಕ್ತಪರೀಕ್ಷೆಯಿಂದ ಮರಿಗಳನ್ನು ಆರಿಸಿ, ದಖ್ಖನಿಯ ಮೈಕಟ್ಟು ಕೆಡದಂತೆ ನಾರಿ ಸುವರ್ಣವೆಂಬ ತಳಿಯನ್ನು ಬೆಳೆಸಿದರು. ದಖ್ಖನಿ ಕುರಿಯು ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿಯನ್ನು ಈಯುವಂಥದು. ಈ ಜೀನನ್ನು ಹೊತ್ತ ಕುರಿಗಳಲ್ಲಿ ಅವಳಿ ಹೆಚ್ಚು.

ಈಗ ಟಗರಿನ ವಿಚಾರ. ಮರಿ ಈಯುವುದು ಹೆಣ್ಣಾದುದರಿಂದ ಈ ಗುಣವು ಟಗರಿನ ಮೈಮೇಲೆ ಎಲ್ಲಿಯೂ ಕಾಣದು. ಟಗರು ತಾನೇ ಅವಳಿಯಾಗಿ ಹುಟ್ಟಿತೆಂಬುದೂ ಪುರಾವೆಯಾಗಲಾರದು. ಟಗರು ಬಿಡುವ ಕಾಲಕ್ಕೆ ಮೇವು ಸಮೃದ್ಧಿಯಾಗಿದ್ದರೆ ಸಾಧಾರಣ ಕುರಿಯೂ ಒಮ್ಮೊಮ್ಮೆ ಅವಳಿ ಈಯುವುದುಂಟು. ಜೀನಿನ ಎರಡು ಪ್ರತಿಗಳುಳ್ಳ ಟಗರು ತನ್ನ ಮರಿಗಳೆಲ್ಲಕ್ಕೂ ಒಂದೊಂದು ಪ್ರತಿಯನ್ನು ಕೊಡುತ್ತದೆ. ಒಂದೇ ಪ್ರತಿಯುಳ್ಳದ್ದು ಸುಮಾರು ಅರ್ಧ ಮರಿಗಳಿಗೆ ಮಾತ್ರ. ಆದಕಾರಣ ಜೀನಿನ ಪರೀಕ್ಷೆಯ ಕಾಗದವನ್ನೂ, ಅದರಲ್ಲಿ ಪ್ರತಿ ಒಂದೋ ಎರಡೋ ಎಂಬುದನ್ನೂ ನೋಡದೆ ಹೆಚ್ಚಿನ ಬೆಲೆಯನ್ನು ಕೊಡಬಾರದು. ಭಂಡಾರದಲ್ಲಿ ಮಾದರಿಯಾಗಿರುವ ಬರಹವು ಪರದೇಶದ ರಾಂಬುಯೆ ಮುಂತಾದ ಕುರಿಗಳದು. ಯಾವ ಅಕ್ಷರವನ್ನು ನೋಡಬೇಕೆಂಬುದನ್ನು ಅದು ತಿಳಿಸುವುದೇ ವಿನಾ ನಿಮ್ಮ ಟಗರಿನಲ್ಲಿ ಏನಿದೆಯೆಂಬುದನ್ನು ತಿಳಿಸಲಾರದು.

ಜೀನು ಇದ್ದರೂ ಮೇವಿಲ್ಲದಿದ್ದರೆ ಲಾಭವಿಲ್ಲ. ಅವಳಿ ಮರಿಗಳು ಹುಟ್ಟುವಾಗ ಸಣ್ಣವಾಗಿರುತ್ತವೆ. ತಾಯಿಗೆ ಹಾಲು ಸಾಲದು. ಎರಡೂ ಕಡೆಯಿಂದ ಜೀನು ಕೂಡಿದ ಕುರಿಗಳಲ್ಲಿ ಮೂರು ಮರಿಗಳೂ ಆಗಬಹುದು. ಬೇಸಗೆಯಲ್ಲಿ ಮೇವನ್ನರಸಿ ಊರೂರು ಅಲೆಯುವ ಹಿಂಡಿಗೆ ಇದು ಭಾರವೇ ಆಗುವುದು. ಹಟ್ಟಿಯಲ್ಲಿ ಜೋಳದ ಸೊಪ್ಪೆ, ಶೇಂಗಾದ ಹೊಟ್ಟು, ಸ್ವಲ್ಪ ಹಿಂಡಿ ಇವುಗಳನ್ನು ಕೂಡಿಟ್ಟುಕೊಳ್ಳಬಲ್ಲವರು ಮಾತ್ರ ಇದಕ್ಕೆ ಕೈಹಾಕುವುದು ಲೇಸು.

ಲಿಂಗಸುಗೂರು, ಗಂಗಾವತಿಗಳ ಗುಡ್ಡಸೀಮೆಯ ಕೆಂಗುರಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಆಮೇಲೆ ಹರಿಯಾಣದ ಕರ್ನಾಲಿಗೆ ಹೋದ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಕೆಂಗುರಿಯನ್ನು ಪ್ರತ್ಯೇಕ ತಳಿಯೆಂದು ದಾಖಲುಮಾಡಿರುತ್ತದೆ. ಅವಳಿಯ ಆಶೆಯಿಂದ ಕಂಡಕಂಡ ಟಗರುಗಳನ್ನು ಬಿಟ್ಟು ಈ ಕಂದುಬಣ್ಣದ ಮಾಂಸದ ಕುರಿಯನ್ನು ಬೆರಕೆಮಾಡಿದರೆ ಮುಂದೆ ಹೋಲಿಸಿ ನೋಡುವುದಕ್ಕೂ ಶುದ್ಧವಾದ ಹಿಂಡು ಸಿಕ್ಕದು. ಪ್ರತಿ ಗ್ರಾಮದಲ್ಲಿಯೂ ಒಂದೆರಡು ಹಿಂಡುಗಳನ್ನಾದರೂ ಬೆರಕೆಯಿಲ್ಲದೆ ಇಟ್ಟುಕೊಂಡು, ಯಾವ ಕುರಿ ಯಾವ ಟಗರಿನಿಂದ ಯಾವ ತಿಂಗಳು ಎಷ್ಟು ಮರಿ ಈದಿತು, ಮೂರು ತಿಂಗಳಿಗೆ ಎಷ್ಟು ಉಳಿದವು ಎಂಬುದನ್ನು ವಹಿಯಲ್ಲಿ ಬರೆದಿಡತಕ್ಕದ್ದು. ಪಶುವೈದ್ಯರು ರಕ್ತದ ಮಾದರಿ ತೆಗೆಯಲು ಬಂದಾಗ ಈ ವಹಿಯನ್ನೂ ಅವರ ಮುಂದೆ ಇಡಬೇಕು.